ಬಾಡಿಗೆ ಕಟ್ಟಡದ ಆರೋಗ್ಯ ಪರೀಕ್ಷೆ

ಬೇಸಿಗೆಯ ರಜೆ ಬಂತೆಂದರೆ ಮನೆ ಬದಲಿಸುವ ಕಾಲ. ಕೆಳಗೆ ಅಂಗಡಿ, ಮೇಲೆ ವಾಸಕ್ಕೆ ಎರಡು ಕೋಣೆ ಎಂಬಂತಹ ಚಿಕ್ಕ ಕಟ್ಟಡವನ್ನು ಬಾಡಿಗೆಗೋ ಭೋಗ್ಯಕ್ಕೋ ಹಿಡಿಯುವ ಸದ್ಭಕ್ತರು ಈ ದಿನಗಳಲ್ಲಿ ಅನೇಕರು. ಬಾಗಿಲು ಯಾವ ದಿಕ್ಕಿಗಿದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಗೋಡೆಯ ಬುಡವನ್ನು ಕೈಯಿಂದ ಮುಟ್ಟಿ ನೋಡುವವರು ವಿರಳ.

ಚರಕಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ಒಳಗಾಗುವವನ ಗೃಹ ಹೇಗಿರಬೇಕೆಂಬ ವಿವರಣೆಯಿದೆ. ಕಟ್ಟಡ ದೃಢವಾಗಿರಬೇಕು, ಗಾಳಿ ನೇರವಾಗಿ ಬಡಿಯದೆ ಒಂದು ಭಾಗದಲ್ಲಿ ಚೆನ್ನಾಗಿ ಆಡುವಂತಿರಬೇಕು, ಹೊಗೆ, ಬಿಸಿಲು, ನೀರು, ಧೂಳು ಒಳನುಗ್ಗಬಾರದು, ನೀರು, ಶೌಚ, ಸ್ನಾನ, ಅಡುಗೆಗಳಿಗೆ ತಕ್ಕ ಸ್ಥಳವಿರಬೇಕು. ಇದನ್ನು ಸಿದ್ಧಪಡಿಸುವವನು ವಾಸ್ತುವಿದ್ಯೆಯಲ್ಲಿ ಕುಶಲನಾಗಿರಬೇಕೆಂದು ಆಚಾರ್ಯರು ಹೇಳಿರುವುದು ನಿಜ. ಆದರೆ ಅವರು ಆ ಮಾತಿನ ಬೆನ್ನಲ್ಲೇ ಗಣಿಸಿರುವುದು ಗಾಳಿ, ಹೊಗೆ, ನೀರುಗಳನ್ನು ಎಂಬುದನ್ನು ನಾವು ಮರೆಯಬಾರದು.

ಮೊದಲ ಶತ್ರು ತೇವ. ತಳಪಾಯದ ಮೇಲೆ ತೇವ ತಡೆಯುವ ಪದರವಿಲ್ಲದಿದ್ದರೆ ಇಟ್ಟಿಗೆಯು ನೆಲದ ನೀರನ್ನು ಬತ್ತಿಯಂತೆ ಹೀರಿಕೊಳ್ಳುತ್ತದೆ. ಆ ಗೋಡೆಯ ಕೆಳಭಾಗದಲ್ಲಿ ಬಿಳಿಯ ಉಪ್ಪು ಹೊಮ್ಮಿ, ಗಾರೆ ಉಬ್ಬಿ ಉದುರುತ್ತದೆ. ಚಾವಣಿಯಲ್ಲಿ ಹಳದಿ ಅಥವಾ ಕಂದು ಬಳೆಯಂತಹ ಕಲೆ ಕಂಡರೆ ಮೇಲಿನಿಂದ ಸೋರಿದೆಯೆಂದು ತಿಳಿಯಬೇಕು. ಬಚ್ಚಲಿನ ಹಿಂಬದಿಯ ಗೋಡೆಯಲ್ಲಿ ಮಾತ್ರ ತೇವವಿದ್ದರೆ ಕೊಳವೆಯನ್ನು ಸಂಶಯಿಸಬೇಕು. ತೊಂದರೆಯೆಂದರೆ, ಮನೆ ತೋರಿಸುವುದು ಹೆಚ್ಚಾಗಿ ಏಪ್ರಿಲ್-ಮೇ ತಿಂಗಳಲ್ಲಿ. ಆಗ ಎಂತಹ ಗೋಡೆಯೂ ಒಣಗಿರುತ್ತದೆ. ಆದ್ದರಿಂದ ಒಂದೇ ಗೋಡೆಗೆ, ಅದರಲ್ಲೂ ಕೆಳಗಿನ ಮೂರಡಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಎಚ್ಚರ ವಹಿಸಬೇಕು. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಗಾರೆ ಬಿಟ್ಟುಕೊಂಡಿದೆ. ಕೋಣೆಯನ್ನು ಅರ್ಧ ಗಂಟೆ ಮುಚ್ಚಿಟ್ಟು ತೆರೆದು ಮೂಸಬೇಕು. ಮಳೆಗಾಲದಲ್ಲಿ ಹೇಗಿರುತ್ತದೆಂದು ನೆರೆಮನೆಯ ಹಿರಿಯ ತಾಯಂದಿರನ್ನು ಕೇಳಬೇಕು; ಅವರು ಮಾಲೀಕರಿಗಿಂತ ನಿಷ್ಪಕ್ಷಪಾತಿಗಳು.

ಇಷ್ಟು ವಿಸ್ತಾರವಾಗಿ ಹೇಳಲು ಕಾರಣವಿದೆ. ತೇವದಲ್ಲಿ ಬೆಳೆಯುವ ಬೂಷ್ಟು ತಮಕಶ್ವಾಸವುಳ್ಳವರಿಗೆ ಬಲು ಕೆಟ್ಟದ್ದು. ನಮ್ಮಲ್ಲಿಗೆ ಬರುತ್ತಿದ್ದ ಏಳು ವರ್ಷದ ಬಾಲಕನೊಬ್ಬನಿಗೆ ಆಷಾಢದಿಂದ ಕಾರ್ತಿಕದವರೆಗೆ ಉಬ್ಬಸ ಬಿಡುತ್ತಿರಲಿಲ್ಲ. ಅಜ್ಜಿಯ ಊರಿಗೆ ಹೋದ ವಾರದಲ್ಲೇ ಇಳಿಯುತ್ತಿತ್ತು. ಅವನ ಹಾಸಿಗೆಯ ಪಕ್ಕದ ಬೀರುವನ್ನು ಸರಿಸಿದಾಗ ಹಿಂದಿನ ಗೋಡೆ ಕಪ್ಪಾಗಿತ್ತು. ಔಷಧವನ್ನು ನಾವು ಬದಲಿಸಬಹುದಿತ್ತು, ಮನೆಯನ್ನು ಬದಲಿಸಲು ತಂದೆಗೆ ದಾರಿಯಿರಲಿಲ್ಲ. ಭೋಗ್ಯಕ್ಕೆಂದು ಕೊಟ್ಟಿದ್ದ ಹಣ ಮೂರು ವರ್ಷ ತುಂಬುವವರೆಗೆ ಮರಳಿ ಬರುವಂತಿರಲಿಲ್ಲ, ಕೈಯಲ್ಲಿ ಬೇರೆ ಹಣವಿರಲಿಲ್ಲ.

ಬಳಿಕ ನೀರು. ಕೊಳವೆಬಾವಿಗೂ ಶೌಚದ ಇಂಗುಗುಂಡಿಗೂ ಕನಿಷ್ಠ 18 ಮೀಟರ್ ಅಂತರವಿರಬೇಕು. ಮೂವತ್ತು-ನಲವತ್ತರ ನಿವೇಶನದಲ್ಲಿ ಎರಡೂ ಇದ್ದರೆ ಲೆಕ್ಕ ತಾನೇ ತಿಳಿಯುತ್ತದೆ. ಅಂತಹ ನೀರನ್ನು ಪರೀಕ್ಷಿಸದೆ ಕುಡಿಯಬಾರದು. ಪಾವಗಡ, ಮುಂಡರಗಿಯಂತಹ ಕಡೆಗಳಲ್ಲಿ ಫ್ಲೋರೈಡನ್ನೂ ನೋಡಿಸಬೇಕು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಸಲ್ಲದು, ಕುದಿಸಿದರೂ ಅದು ಹೋಗುವುದಿಲ್ಲ. ನೆಲತೊಟ್ಟಿಗೆ ಬಿಗಿಯಾದ ಮುಚ್ಚಳವಿದೆಯೇ ಎಂದು ಬಗ್ಗಿ ನೋಡಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಒಣಗಿದ ತೊಟ್ಟಿಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಬಲ್ಲದು. ಆದುದರಿಂದ ನೀರು ಖಾಲಿ ಮಾಡಿದರೆ ಸಾಲದು, ಬದಿಗಳನ್ನು ಉಜ್ಜಿ ತೊಳೆಯಬೇಕು.

ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಅಳವಡಿಸಿರುವ ಮನೆಯಾದರೆ ಅದನ್ನು ಹೊರಗೆ ಹಾಕಿಸುವವರೆಗೆ ಒಳಗೆ ಕಾಲಿಡಬಾರದು. ಗಾಳಿಯಾಡದ ಬಚ್ಚಲಿನಲ್ಲಿ ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ. ವಿದ್ಯುತ್ತಿಗೆ ಅರ್ಥಿಂಗ್ ಇದೆಯೇ ಎಂಬುದನ್ನು ಬಲ್ಲವರಿಂದ ಪರೀಕ್ಷಿಸಿಕೊಂಡರೆ ಸಾಕು.

ಇನ್ನು ಕಾಗದಪತ್ರ. ಇದು ವೈದ್ಯರ ವಿಷಯವಲ್ಲವೆಂದು ಕೆಲವರಿಗೆ ಅನ್ನಿಸೀತು. ಆದರೆ ಆ ಬಾಲಕನ ಉಬ್ಬಸವನ್ನು ಕಟ್ಟಿಹಾಕಿದ್ದು ಕರಾರೇ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕು. ಬರಿಯ ಛಾಪಾಕಾಗದದ ಮೂರು ವರ್ಷದ ಬರಹಕ್ಕೆ ನ್ಯಾಯಾಲಯದಲ್ಲಿ ಬಲ ಕಡಿಮೆ. ಭೋಗ್ಯಕ್ಕೆ ದೊಡ್ಡ ಮೊತ್ತ ಕೊಡುವವರು ಋಣಭಾರ ಪತ್ರವನ್ನು ತೆಗೆಸುವುದರ ಜೊತೆಗೆ ಮೂಲ ಹಕ್ಕುಪತ್ರವನ್ನೂ ಕಣ್ಣಾರೆ ನೋಡಬೇಕು. ಹಕ್ಕುಪತ್ರವನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಕೆಲವೊಮ್ಮೆ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮಿನ ಪ್ರಕಾರ, ಸಾಮಾನ್ಯ ಎಚ್ಚರದಿಂದ ಕಾಣಲಾಗದ ಮುಖ್ಯ ದೋಷ ತನಗೆ ಗೊತ್ತಿದ್ದರೆ ಮಾಲೀಕನು ಬಾಡಿಗೆದಾರನಿಗೆ ತಿಳಿಸಬೇಕು. ಮಾಲೀಕನ ಹೊಣೆಯಾದ ದುರಸ್ತಿಯನ್ನು ತಿಳಿಸಿದ ಮೇಲೂ ಯುಕ್ತ ಕಾಲದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ಕರಾರಿನಲ್ಲಿ ಬೇರೆ ಬಗೆಯಾಗಿ ಬರೆದಿದ್ದರೆ ಅದೇ ನಡೆಯುತ್ತದೆ. ಆದ್ದರಿಂದ ಸೋರಿಕೆ, ತೇವ, ಕೊಳವೆಗಳ ದುರಸ್ತಿ ಯಾರ ಹೊಣೆ, ಎಷ್ಟು ದಿನದೊಳಗೆ ಎಂಬುದನ್ನು ಸ್ಪಷ್ಟವಾಗಿ ಬರೆಸಬೇಕು. ವಾಸಕ್ಕೆ ಅಯೋಗ್ಯವಾದರೆ ಅವಧಿಗೆ ಮುನ್ನವೇ ಹಣ ಮರಳಿಸತಕ್ಕದ್ದು ಎಂಬ ಒಂದು ಸಾಲನ್ನೂ ಸೇರಿಸಬೇಕು. ಮಾಲೀಕರು ಆ ಸಾಲಿಗೆ ಒಪ್ಪದಿದ್ದರೆ ಮುಂಗಡ ಕೊಡುವ ಮೊದಲು ಒಂದು ಮಳೆ ಬರುವವರೆಗೆ ಕಾಯಿರಿ, ಮರುದಿನ ಬೆಳಿಗ್ಗೆ ಹೋಗಿ ಗೋಡೆಗಳನ್ನು ಮತ್ತೊಮ್ಮೆ ನೋಡಿರಿ.