ಒಂದು ಬ್ಲೇಡು, ನೂರು ಹರಟೆ

ಗಡ್ಡ ಬೋಳಿಸಿಕೊಳ್ಳುವುದೂ ಒಂದು ಹವ್ಯಾಸವೇ? ಪ್ರಶ್ನೆ ಕೇಳಿದೊಡನೆ ನಗು ಬರುವುದು ಸಹಜ. ಆದರೆ ಅಂಚೆಚೀಟಿ, ನಾಣ್ಯ ಸಂಗ್ರಹಿಸುವವರಂತೆ ಹಳೆಯ ರೇಜರ್, ಬ್ರಷ್ಷು, ಸೋಪುಗಳನ್ನು ಕೂಡಿಹಾಕುವ, ಅವುಗಳ ಗುಣದೋಷಗಳ ಬಗ್ಗೆ ಗಂಟೆಗಟ್ಟಲೆ ಹರಟುವ ಹವ್ಯಾಸಿಗಳು ಅಮೆರಿಕ, ಯುರೋಪಿನಲ್ಲಷ್ಟೇ ಅಲ್ಲ, ನಮ್ಮ ದೇಶದಲ್ಲಿಯೂ ಇದ್ದಾರೆ. ಇಂದು ಯಾವ ಬ್ಲೇಡು ಹಾಕಿದಿರಿ, ಅದರಲ್ಲಿ ಎಷ್ಟನೆಯ ಕ್ಷೌರ, ನೊರೆ ಹೇಗೆ ಬಂತು ಎಂದು ಶುರುವಾಗುವ ಮಾತು ಶಾಯಿ ಪೆನ್ನಿಗೆ, ಕೀ ಕೊಡುವ ಗಡಿಯಾರಕ್ಕೆ ಹೊರಳುವುದೂ ಉಂಟು. ಮೇಲ್ನೋಟಕ್ಕೆ ಇದು ಕಾಲಕ್ಷೇಪ. ಒಳಹೊಕ್ಕು ನೋಡಿದರೆ ಗ್ರಾಹಕನ ಆಯ್ಕೆ, ಚರ್ಮದ ಆರೋಗ್ಯ ಹಾಗೂ ಕಸದ ಪ್ರಶ್ನೆಗಳು ಈ ಹರಟೆಯಲ್ಲಿ ಅಡಗಿವೆ.

ಎಲ್ಲ ರೇಜರಿಗೂ ಒಂದೇ ಬ್ಲೇಡು

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಕ್ಷೌರವೆಂದರೆ ಬಹುತೇಕ ಮಡಚುವ ಕತ್ತಿಯೇ. ಅದಕ್ಕೆ ಸಾಣೆ ಹಿಡಿಯಬೇಕು, ಚರ್ಮದ ಪಟ್ಟಿಗೆ ತೀಡಬೇಕು, ಕೈ ಪಳಗಿರಬೇಕು. ಬಳಸಿ ಬಿಸಾಡಬಹುದಾದ ತೆಳು ಉಕ್ಕಿನ ಬ್ಲೇಡಿನ ಕಲ್ಪನೆಯನ್ನು ಮುಂದಿಟ್ಟವರು ಅಮೆರಿಕದ ಕಿಂಗ್ ಕ್ಯಾಂಪ್ ಗಿಲೆಟ್. ಅದನ್ನು ತಯಾರಿಸುವ ವಿಧಾನ ರೂಪಿಸಿದವರು ಇಂಜಿನಿಯರ್ ವಿಲಿಯಂ ನಿಕರ್ಸನ್. 1903ರಲ್ಲಿ, ಮಾರಾಟದ ಮೊದಲ ವರ್ಷ, ಖರ್ಚಾದದ್ದು ಕೇವಲ 51 ರೇಜರ್ ಮತ್ತು 168 ಬ್ಲೇಡು. 1904ರಲ್ಲಿ ಪೇಟೆಂಟ್ ದೊರೆಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ತನ್ನ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರ್‌ಗಳನ್ನು ಕೊಂಡಿತು. ಯುದ್ಧದಿಂದ ಮರಳಿದವರೊಡನೆ ಮನೆಯಲ್ಲಿಯೇ ಕ್ಷೌರ ಮಾಡಿಕೊಳ್ಳುವ ಅಭ್ಯಾಸವೂ ಬಂತು.

ಪೇಟೆಂಟ್ ಅವಧಿ 1921ರಲ್ಲಿ ಮುಗಿದ ಬಳಿಕ ಇತರ ಕಂಪನಿಗಳಿಗೆ ದಾರಿ ತೆರೆಯಿತು. ಕ್ರಮೇಣ ಬ್ಲೇಡಿನ ಅಳತೆ, ಆಕಾರಗಳು ಏಕರೂಪವಾದವು. 1950ರ ದಶಕದ ರೇಜರಿಗೆ ಇಂದು ತಯಾರಾದ ಬ್ಲೇಡು ಸಲೀಸಾಗಿ ಕೂಡುತ್ತದೆ. ಒಂದು ಕಂಪನಿಯ ಹಿಡಿಗೆ ಇನ್ನೊಂದರ ಬ್ಲೇಡು ಹೊಂದುತ್ತದೆ. ಹವ್ಯಾಸಿಗಳ ಮಾತುಕತೆಗೆ ಆಧಾರವೇ ಇದು. ಹೋಲಿಸಿ ನೋಡಲು, ಒಬ್ಬರಿಗೊಬ್ಬರು ಕೊಟ್ಟು ಕೊಳ್ಳಲು ಸಾಧ್ಯವಿರುವಲ್ಲಿ ಮಾತ್ರ ಚರ್ಚೆಗೆ ಅರ್ಥವಿರುತ್ತದೆ.

1971ರಲ್ಲಿ ಗಿಲೆಟ್ ಕಂಪನಿ ಎರಡು ಅಲಗುಗಳ ಕಾರ್ಟ್ರಿಜ್ ತಂದಿತು. 1998ರಲ್ಲಿ ಅಲಗು ಮೂರಾಯಿತು, 2006ರ ಹೊತ್ತಿಗೆ ಐದಾಯಿತು. ಇಲ್ಲಿ ಹಿಡಿ ಕೊಂಡವರು ಸಾಮಾನ್ಯವಾಗಿ ಅದಕ್ಕೆ ಹೊಂದುವ ಕಾರ್ಟ್ರಿಜ್ಜನ್ನೇ ಕೊಳ್ಳುತ್ತ ಹೋಗಬೇಕು. ಭಾರತದಲ್ಲಿ ಮಾತ್ರ ಹಳೆಯ ಬ್ಲೇಡು ಅಂಗಡಿಯಿಂದ ಎಂದೂ ಮರೆಯಾಗಲಿಲ್ಲ. ಕೆಲವೇ ರೂಪಾಯಿಗೆ ಅದು ಇಂದಿಗೂ ಸಿಗುತ್ತದೆ.

ನೀರಿನ ಮಹಿಮೆ

ಎರಡು ಮೂರು ನಿಮಿಷ ಬೆಚ್ಚನೆಯ ನೀರು ಹೀರಿಕೊಂಡ ಕೂದಲು ಮೆದುವಾಗುತ್ತದೆ, ಕತ್ತರಿಸಲು ಕಡಿಮೆ ಬಲ ಸಾಕಾಗುತ್ತದೆ. ಬ್ರಷ್ಷು, ಸೋಪು, ನೊರೆಗಳ ಇಡೀ ವಿಧಿಯ ಹಿಂದಿರುವ ತತ್ವ ಇದೇ. ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು ಬ್ಲೇಡನ್ನು ಹೇಗೆ ಹಾಳುಮಾಡುತ್ತದೆ ಎಂಬುದನ್ನು ಅಮೆರಿಕದ ಎಂಐಟಿ ವಿಜ್ಞಾನಿಗಳು 2020ರಲ್ಲಿ ವಿವರಿಸಿದರು. ಅಲಗು ಸವೆದಷ್ಟೇ ಮೊಂಡಾಗುವುದಿಲ್ಲ. ಕೂದಲು ಬಾಗಿ ತಗುಲಿದಾಗ ಅಲಗಿನ ದುರ್ಬಲ ಸ್ಥಳಗಳಲ್ಲಿ ಸೂಕ್ಷ್ಮ ಚೂರುಗಳು ಕಿತ್ತುಬರುತ್ತವೆ.

ಅಲಗು ಹೆಚ್ಚಿದಷ್ಟೂ ಕ್ಷೌರ ನುಣುಪಾಗುತ್ತದೆ ಎಂಬುದು ನಿಜ. ಮೊದಲ ಅಲಗು ಕೂದಲನ್ನು ತುಸು ಎಳೆದು ಕತ್ತರಿಸಿದರೆ, ಅದು ಹಿಂದೆ ಸರಿಯುವ ಮೊದಲೇ ಮುಂದಿನದು ಇನ್ನಷ್ಟು ಕೆಳಗೆ ಕತ್ತರಿಸುತ್ತದೆ. ಆದರೆ ಗುಂಗುರು ಗಡ್ಡದವರಲ್ಲಿ ಹೀಗೆ ಚರ್ಮದೊಳಕ್ಕೆ ಇಳಿದ ತುದಿ ಒಳಗೇ ಬೆಳೆದು ಗುಳ್ಳೆಗೆ ಕಾರಣವಾಗಬಹುದು. ಅಂಥವರಿಗೆ ಒಂದೇ ಅಲಗು, ಸುಮಾರು 30 ಡಿಗ್ರಿ ಓರೆ, ಒತ್ತದ ಕೈ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಎಳೆತ ಅನುಕೂಲ. ಗುಳ್ಳೆ ಮಾಯದಿದ್ದರೆ ಚರ್ಮವೈದ್ಯರನ್ನು ಕಾಣುವುದು ಒಳಿತು.

ಸಲೂನುಗಳಲ್ಲಿ ಇದೇ ಬ್ಲೇಡನ್ನು ಎರಡಾಗಿ ಮುರಿದು ಅರ್ಧವನ್ನು ಹಿಡಿಗೆ ಸಿಕ್ಕಿಸುತ್ತಾರೆ. ಹೆಪಟೈಟಿಸ್ ಬಿ ಮತ್ತು ಸಿ ರಕ್ತದ ಮೂಲಕ ಹರಡುವ ರೋಗಗಳು. ಆದ್ದರಿಂದ ಹೊಸ ಬ್ಲೇಡು ಹಾಕಿಸಿಕೊಳ್ಳುವುದು ಗ್ರಾಹಕನ ಹಕ್ಕು. ಕೇಳಲು ಸಂಕೋಚ ಬೇಡ.

ಪೆನ್ನು, ಗಡಿಯಾರಗಳ ನಂಟು

ರೇಜರ್ ಪ್ರಿಯರು ಶಾಯಿ ಪೆನ್ನು, ಕೈಗಡಿಯಾರಗಳತ್ತ ಹೊರಳುವುದು ಆಕಸ್ಮಿಕವಲ್ಲ. ಇವೆಲ್ಲವೂ ಬಿಚ್ಚಿ ತೊಳೆದು, ದುರಸ್ತಿ ಮಾಡಿ ಬಳಸಬಹುದಾದ ವಸ್ತುಗಳು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದೊಂದಿಗೆ ಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಆದರೂ ಹಳೆಯ ಎಚ್‌ಎಂಟಿಗಳಿಗೆ ಕೀ ಕೊಟ್ಟು ಕಟ್ಟಿಕೊಳ್ಳುವವರು ಇಂದಿಗೂ ಇದ್ದಾರೆ.

ಹಳೆಯ ಬ್ಲೇಡು ಎಲ್ಲಿಗೆ?

ಪ್ಲಾಸ್ಟಿಕ್ ಮತ್ತು ಉಕ್ಕು ಬೆಸೆದಿರುವ ಕಾರ್ಟ್ರಿಜ್ಜನ್ನು ಬಿಡಿಸಿ ಮರುಬಳಸುವುದು ಕಷ್ಟ. ಬಿಡಿ ಬ್ಲೇಡಾದರೋ ಬರಿಯ ಉಕ್ಕು. ಆದರೆ ಅಪಾಯವೂ ಅದರಲ್ಲಿಯೇ ಹೆಚ್ಚು. ಅಮೆರಿಕದ ಹಳೆಯ ಮನೆಗಳಲ್ಲಿ ಬಚ್ಚಲಿನ ಕಪಾಟಿಗೆ ಸೀಳೊಂದನ್ನು ಕೊರೆದಿರುತ್ತಿದ್ದರು. ಅದರಲ್ಲಿ ತೂರಿಸಿದ ಬ್ಲೇಡು ಗೋಡೆಯೊಳಗೆ ಬೀಳುತ್ತಿತ್ತು. ಕಣ್ಣಿಗೆ ಮರೆಯಾಯಿತೇ ಹೊರತು ಸಮಸ್ಯೆ ಮುಗಿಯಲಿಲ್ಲ. ಗೋಡೆ ಒಡೆಸುವವರಿಗೆ ಇಂದಿಗೂ ಅಲ್ಲಿ ತುಕ್ಕು ಹಿಡಿದ ಬ್ಲೇಡಿನ ರಾಶಿ ಸಿಗುತ್ತದೆ.

ನಮ್ಮಲ್ಲಿ ಕಸದ ಬುಟ್ಟಿಗೆ ಎಸೆದ ಬ್ಲೇಡು ತಗುಲುವುದು ಪೌರಕಾರ್ಮಿಕರ ಕೈಗೆ. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯ ಸುಲಭವಾದುದು: ಮುಚ್ಚಳಕ್ಕೆ ಸೀಳು ಕೊರೆದ ತಗಡಿನ ಡಬ್ಬಿ. ಒಬ್ಬರ ಬ್ಲೇಡು ತುಂಬಲು ವರ್ಷಗಳೇ ಬೇಕು. ತುಂಬಿದ ಮೇಲೆ ಬಾಯಿ ಭದ್ರವಾಗಿ ಮುಚ್ಚಿ, ಮೇಲೆ 'ಬ್ಲೇಡು' ಎಂದು ಬರೆದು, ಕಸ ಒಯ್ಯುವವರಿಗೆ ಪ್ರತ್ಯೇಕವಾಗಿ, ಹೇಳಿಯೇ ಕೊಡಬೇಕು. ಹವ್ಯಾಸ ಇಲ್ಲದವರೂ ಇಷ್ಟನ್ನು ಅನುಸರಿಸಬಹುದು.