ಹೊಡೆತ ತಿಂದ ದೇಹಕ್ಕೆ ಆಟದ ಆಸರೆ

ಕೈಮೇಲಿನ ಬಾಸುಂಡೆ ಒಂದೆರಡು ವಾರದಲ್ಲಿ ಮಾಯುತ್ತದೆ. ಮುರಿದ ಮೂಳೆ ಕೆಲವು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಆದರೆ ಮನೆಯೊಳಗೇ ಪೆಟ್ಟು ತಿಂದ ಹೆಣ್ಣಿಗೆ ವರ್ಷಗಳ ನಂತರವೂ ಬಾಗಿಲು ಬಡಿದ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ. ತಲೆನೋವು, ಬೆನ್ನುನೋವು, ಹೊಟ್ಟೆಸಂಕಟ ಬಿಡುವುದಿಲ್ಲ. ಮಾತ್ರೆ ಮುಗಿದ ಮೇಲೆ ನೋವು ಮರಳಿ ಬರುತ್ತದೆ. ನೋವಿನ ಬೇರು ಎಲ್ಲಿದೆ ಎಂದು ಆಕೆ ಹೇಳಿರುವುದಿಲ್ಲ. ಯಾರೂ ಕೇಳಿರುವುದೂ ಇಲ್ಲ.

ಇದು ಎಲ್ಲೋ ಕೆಲವರ ಸಂಕಟವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಇದರಲ್ಲಿ ಎಲ್ಲ ಸಮುದಾಯದ ಮನೆಗಳೂ ಸೇರಿವೆ, ನಮ್ಮವೂ ಸೇರಿವೆ.

ಹಿಂಸೆಯಿಂದ ಹೊರಬಂದ ಹೆಣ್ಣಿಗೆ ಕಾನೂನು, ವೈದ್ಯರು, ಆಪ್ತಸಮಾಲೋಚನೆ ಎಲ್ಲವೂ ಬೇಕು. ಅವುಗಳ ಜೊತೆಗೆ ಹೆಚ್ಚು ಖರ್ಚಿಲ್ಲದ ಇನ್ನೊಂದು ಆಸರೆಯೂ ಇದೆ. ಅದು ತಂಡದಲ್ಲಿ ಆಡುವ ಆಟ.

ಒಂಟಿತನವೇ ಹಿಂಸೆಯ ಬಲ

ಬಾಬಾಬುಡನ್‌ಗಿರಿಯ ತಪ್ಪಲಿನಿಂದ ಮೂಡಿಗೆರೆ, ಕಳಸದವರೆಗೆ ಕಾಫಿ ತೋಟಗಳ ನಡುವೆ ಬದುಕುವವರಿಗೆ ದೂರ ಎಂದರೇನೆಂದು ಹೇಳಿಕೊಡಬೇಕಿಲ್ಲ. ಲೈನ್ ಮನೆ ಒಂದು ಗುಡ್ಡದಲ್ಲಿ, ಬಸ್ಸು ನಿಲ್ಲುವ ರಸ್ತೆ ಇನ್ನೊಂದು ಗುಡ್ಡದಾಚೆ. ಜೋರು ಮಳೆ ಹಿಡಿದರೆ ಕರೆಂಟೂ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಘಟ್ಟದ ಕೆಳಗಿನಿಂದ ಮದುವೆಯಾಗಿ ಬಂದ ಹುಡುಗಿಗೆ ತವರು ಒಂದು ದಿನದ ಪ್ರಯಾಣ.

ಹಿಂಸಿಸುವವನು ಈ ದೂರವನ್ನು ಇನ್ನಷ್ಟು ಹೆಚ್ಚಿಸುತ್ತಾನೆ. ಫೋನ್ ಕಿತ್ತುಕೊಳ್ಳುತ್ತಾನೆ, ತವರಿಗೆ ಕಳಿಸುವುದಿಲ್ಲ, ನೆರೆಮನೆಯವರೊಂದಿಗೆ ಮಾತು ಬಿಡಿಸುತ್ತಾನೆ. ಹೆಣ್ಣು ಒಂಟಿಯಾದಷ್ಟೂ ಅವನ ಕೈ ಸಲೀಸಾಗುತ್ತದೆ.

ತಂಡದ ಆಟ ಇದಕ್ಕೆ ತದ್ವಿರುದ್ಧ. ವಾರಕ್ಕೆರಡು ದಿನ ಒಂದೇ ಹೊತ್ತಿಗೆ ಸೇರುವ ಗುಂಪಿನಲ್ಲಿ ಒಬ್ಬಳು ಬರದಿದ್ದರೆ ಜಾಗ ಖಾಲಿ ಕಾಣುತ್ತದೆ. "ಯಾಕೆ ಬರಲಿಲ್ಲ?" ಎಂದು ವಿಚಾರಿಸುವ ನಾಲ್ಕಾರು ಮಂದಿ ಇರುತ್ತಾರೆ. ಅದೇ ಅವಳಿಗೆ ದೊಡ್ಡ ಕಾವಲು.

ದೇಹದೊಳಗೆ ನಡೆಯುವುದೇನು?

ಅಪಾಯ ಎದುರಾದಾಗ ದೇಹ ಅಡ್ರಿನಾಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತದೆ. ಎದೆ ಬಡಿತ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಅಪಾಯ ಕಳೆದ ಮೇಲೆ ಇದೆಲ್ಲ ಇಳಿಯಬೇಕು. ಆದರೆ ದಿನವೂ ಹೆದರಿ ಬದುಕಿದವಳ ದೇಹ ಸದಾ ಕಾವಲು ಕಾಯುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. ಹೆಗಲು ಮುದುಡುತ್ತದೆ, ನೋಟ ನೆಲಕ್ಕಿಳಿಯುತ್ತದೆ, ದನಿ ಗಂಟಲಲ್ಲೇ ಉಳಿಯುತ್ತದೆ.

ಆಟದಲ್ಲೂ ಎದೆ ಬಡಿತ ಏರುತ್ತದೆ. ಆದರೆ ಇಲ್ಲಿ ಭಯವಿಲ್ಲ, ನಗು ಇದೆ. ಎದೆ ಬಡಿದುಕೊಂಡಾಗಲೆಲ್ಲ ಕೇಡು ಬರುವುದಿಲ್ಲ ಎಂಬುದನ್ನು ದೇಹ ಮೆಲ್ಲಗೆ ಕಲಿಯುತ್ತದೆ. ಚೆಂಡು ಹಿಡಿಯಲು ತಲೆ ಎತ್ತಲೇಬೇಕು. ಜೊತೆಗಾತಿಯ ಹೆಸರು ಕೂಗಲೇಬೇಕು. ವ್ಯಾಯಾಮ ಖಿನ್ನತೆ, ಆತಂಕಗಳನ್ನು ತಗ್ಗಿಸುತ್ತದೆ, ನಿದ್ದೆಯನ್ನು ಸುಧಾರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಬೇಕೆನ್ನುತ್ತದೆ. ವಾರಕ್ಕೆರಡು ಸಲ ಮುಕ್ಕಾಲು ಗಂಟೆ ಆಡಿದರೆ ಅದರ ಅರ್ಧಕ್ಕಿಂತ ಹೆಚ್ಚು ಪೂರೈಸಿದಂತೆ.

ಯಾವ ಆಟ, ಎಲ್ಲಿ?

ಆರಂಭಕ್ಕೆ ತ್ರೋಬಾಲ್ ಒಳ್ಳೆಯದು. ಬದಿಗೆ 7 ಮಂದಿ, ನಡುವೆ ಬಲೆ. ಎದುರಾಳಿ ಮೈ ಮುಟ್ಟುವ ಸಂದರ್ಭವೇ ಇಲ್ಲ. ಮೈಮೇಲೆ ಕೈ ಬಿದ್ದರೆ ಬೆಚ್ಚುವ ಹೆಣ್ಣಿಗೆ ಇದು ಮುಖ್ಯ. ಬಾಲ್ಯದ ಲಗೋರಿಯೂ ಆದೀತು. ಖೊಖೊದಲ್ಲಿ ಬೆನ್ನಿಗೆ ಕೈ ತಾಗುತ್ತದೆ, ಕಬಡ್ಡಿಯಲ್ಲಿ ಹಿಡಿದು ಎಳೆಯುತ್ತಾರೆ. ಅವು ಪರಸ್ಪರ ನಂಬಿಕೆ ಬೆಳೆದ ಮೇಲೆ, ಇಷ್ಟವಿದ್ದವರಿಗೆ ಮಾತ್ರ.

ಜಾಗಕ್ಕೆ ದೊಡ್ಡ ಮೈದಾನ ಬೇಕಿಲ್ಲ. ಕೊಯ್ಲು ಮುಗಿದು ಕಾಫಿ ಒಣಗಿಸುವುದು ನಿಂತ ಮೇಲೆ ತೋಟದ ಕಣ ಖಾಲಿ ಇರುತ್ತದೆ. ಸಿಮೆಂಟ್ ಕಣದಲ್ಲಿ ಬಿದ್ದರೆ ಪೆಟ್ಟಾಗುತ್ತದೆ. ಆದ್ದರಿಂದ ಅಲ್ಲಿ ಓಡಿ ಬೀಳುವ ಆಟ ಬೇಡ, ಚೆಂಡು ಎಸೆದು ಹಿಡಿಯುವ ಆಟ ಸಾಕು. ಮಳೆಗಾಲಕ್ಕೆ ಶಾದಿ ಮಹಲ್ ಅಥವಾ ಶಾಲೆಯ ಸಭಾಂಗಣ ಕೇಳಿಕೊಳ್ಳಬಹುದು. ಕತ್ತಲಾಗುವ ಮುನ್ನ ಎಲ್ಲರೂ ಮನೆ ತಲುಪುವಂತೆ, ಇಬ್ಬಿಬ್ಬರು ಜೊತೆಯಾಗಿ ಹೋಗುವಂತೆ ಹೊತ್ತು ಗೊತ್ತುಮಾಡಬೇಕು.

ತಂಡ ಕಟ್ಟುವವರು ಗಮನಿಸಬೇಕಾದುದು

1. "ನೊಂದ ಮಹಿಳೆಯರ ತಂಡ" ಎಂದು ಹೆಸರಿಡಬೇಡಿ. ಊರಿನ ಎಲ್ಲ ಹೆಣ್ಣುಮಕ್ಕಳಿಗೂ ತೆರೆದ ತಂಡವಾಗಿರಲಿ. ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಹೊರಗಿನವರಿಗೆ ತಿಳಿಯಬಾರದು.

2. ಕಥೆ ಕೇಳಬೇಡಿ. ಅವಳಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೇಳಿದ್ದನ್ನು ಅಲ್ಲಿಗೇ ಬಿಡಿ.

3. ಫೋಟೋ, ವಿಡಿಯೋ ಬೇಡ. ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದ ಒಂದು ಚಿತ್ರ, ಗಂಡನಿಂದ ದೂರವಿರುವವಳ ವಿಳಾಸವನ್ನೇ ಬಯಲು ಮಾಡೀತು.

4. ಬೈದು ಕಲಿಸುವವರು ಬೇಡ. ತರಬೇತಿ ಕೊಡುವವರು ಮಹಿಳೆಯಾಗಿದ್ದರೆ ಉತ್ತಮ. ಕೈ ತಿದ್ದುವ ಮುಂಚೆ "ಮುಟ್ಟಲೇ?" ಎಂದು ಕೇಳಲಿ.

5. ಯಾರು ಬೇಕಾದರೂ ಕಾರಣ ಹೇಳದೆ ಆಟ ನಿಲ್ಲಿಸಬಹುದು. ಒಮ್ಮೆಲೆ ಕೇಳಿದ ಸೀಟಿ, ಗಟ್ಟಿ ಕೂಗು ಹಳೆಯ ಭಯವನ್ನು ಎಬ್ಬಿಸಬಹುದು. ಆಗ ಕೂರಿಸಿ, ಪಾದ ನೆಲಕ್ಕೂರಿ ನಿಧಾನವಾಗಿ ಉಸಿರು ಬಿಡಲು, ಸುತ್ತ ಕಾಣುವ ಐದು ವಸ್ತುಗಳನ್ನು ಹೆಸರಿಸಲು ಹೇಳಿ.

6. ಮಕ್ಕಳನ್ನು ನೋಡಿಕೊಳ್ಳಲು ಸರದಿಯಂತೆ ಒಬ್ಬರು ಇರಲಿ. ಇಲ್ಲದಿದ್ದರೆ ತಾಯಂದಿರು ಬರುವುದೇ ಇಲ್ಲ.

ಆರೋಗ್ಯದ ಎಚ್ಚರಿಕೆ

ತಲೆಗೆ ಪೆಟ್ಟು ಬಿದ್ದವರು, ಮೂಳೆ ಮುರಿದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಆಡಬಾರದು. ಕುತ್ತಿಗೆ ಹಿಸುಕಿದ್ದರೆ ಹೊರಗೆ ಗುರುತು ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಒಳಗಿನ ಪೆಟ್ಟು ಗಂಟೆಗಳ, ದಿನಗಳ ಬಳಿಕವೂ ಪ್ರಾಣಕ್ಕೆ ಎರವಾಗಬಲ್ಲದು. ಬೇಗ ಸುಸ್ತಾಗುವವರು, ತಲೆ ತಿರುಗುವವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಲಿ. ಹೆರಿಗೆಯ ನಂತರ ಓಡಿದರೆ, ಜಿಗಿದರೆ ಮೂತ್ರ ಸೋರುವುದು ಹಲವರಿಗಿದೆ. ನಾಚಿಕೆಪಡದೆ ವೈದ್ಯರಿಗೆ ಹೇಳಿದರೆ ಸ್ನಾಯು ಬಲಪಡಿಸುವ ವ್ಯಾಯಾಮ ತೋರಿಸುತ್ತಾರೆ. ಆಟದ ನಂತರ ಬೆವರಿನ ಬಟ್ಟೆ ಬದಲಿಸಿ. ಮಳೆಗಾಲದಲ್ಲಿ ಪೂರ್ತಿ ಒಣಗದ ಒಳಉಡುಪಿನಿಂದ ತುರಿಕೆ, ಹುಳುಕಡ್ಡಿ ಬರುತ್ತದೆ.

ಬೇರೆಡೆ ನಡೆದದ್ದು

ಮುಂಬೈ ಬಳಿಯ ಮುಂಬ್ರಾ ಮುಸ್ಲಿಮರು ಹೆಚ್ಚಾಗಿರುವ ಊರು. 1992-93ರ ಗಲಭೆಯ ನಂತರ ಅನೇಕ ಕುಟುಂಬಗಳು ಅಲ್ಲಿಗೆ ಬಂದು ನೆಲೆಸಿದವು. ಅಲ್ಲಿ 'ಪರ್ಚಮ್' ಎಂಬ ಸಂಘಟನೆ 2012ರಿಂದ ಹುಡುಗಿಯರ ಫುಟ್ಬಾಲ್ ತಂಡ ಕಟ್ಟಿತು. ಹುಡುಗಿಯರಿಗೂ ಮೈದಾನ ಬೇಕು ಎಂದು ಸಹಿ ಸಂಗ್ರಹಿಸಿ ಕೇಳಿದವರು ಅವರೇ. ಮುಸ್ಲಿಮ್, ಹಿಂದೂ ಹುಡುಗಿಯರು ಒಟ್ಟಿಗೆ ಆಡಿದರು. ಕೀನ್ಯಾದ ಕರಾವಳಿಯ ಕಿಲಿಫಿಯಲ್ಲಿ 2001ರಿಂದ 'ಮೂವಿಂಗ್ ದ ಗೋಲ್‌ಪೋಸ್ಟ್ಸ್' ಸಂಸ್ಥೆ ಫುಟ್ಬಾಲ್ ಜೊತೆಗೇ ಹುಡುಗಿಯರಿಗೆ ಆರೋಗ್ಯ ಮತ್ತು ಹಕ್ಕುಗಳ ತಿಳಿವಳಿಕೆ ಕೊಡುತ್ತಿದೆ. ನಮ್ಮದೇ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ ಕ್ರಿಕೆಟ್ ಫೈನಲ್‌ನಲ್ಲಿ ಭಾರತದ ಪರ ಆಡಿದರು.

ಉಡುಪಿನ ಚಿಂತೆಯೂ ಅಡ್ಡಿಯಾಗಬೇಕಿಲ್ಲ. ತಲೆವಸ್ತ್ರ ಧರಿಸಿ ಆಡಲು ಅಂತಾರಾಷ್ಟ್ರೀಯ ಫುಟ್ಬಾಲ್‌ನಲ್ಲಿ 2014ರಿಂದ, ಬಾಸ್ಕೆಟ್‌ಬಾಲ್‌ನಲ್ಲಿ 2017ರಿಂದ ಅವಕಾಶವಿದೆ. ಪಿನ್ನು ಚುಚ್ಚದೆ ಬಿಗಿಯಾಗಿ ಕೂರುವ ಹತ್ತಿಯ ವಸ್ತ್ರ ಸಾಕು. "ಹೆಂಗಸರಿಗೆ ಆಟವೇಕೆ?" ಎನ್ನುವವರಿಗೆ, ಪ್ರವಾದಿ(ಸ)ರವರು ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದು, ಒಮ್ಮೆ ಅವರು ಗೆದ್ದು ಮತ್ತೊಮ್ಮೆ ಪ್ರವಾದಿ(ಸ) ಗೆದ್ದದ್ದು ನೆನಪಿರಲಿ. ಪ್ರವಾದಿ(ಸ)ರವರು ಎಂದೂ ಯಾವ ಮಹಿಳೆಗೂ ಹೊಡೆದವರಲ್ಲ ಎಂದು ತಿಳಿಸಿದವರೂ ಅದೇ ಆಯಿಶಾ(ರ).

ಮೊದಲು ಸುರಕ್ಷೆ, ಅನಂತರ ಆಟ

ಆಟವು ಹಿಂಸೆಯನ್ನು ಸಹಿಸಿಕೊಂಡಿರಲು ಬೇಕಾದ ಬಲವರ್ಧಕ ಔಷಧಿಯಲ್ಲ. ಮನೆಯಲ್ಲಿ ಈಗಲೂ ಹೊಡೆತವಿದ್ದರೆ ಮೊದಲು ಅದು ನಿಲ್ಲಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮನಸ್ಸಿನ ನೋವಿಗೆ ಟೆಲಿ-ಮಾನಸ್ 14416 ಇವೆ. ಜಿಲ್ಲೆಯ 'ಸಖಿ' ಕೇಂದ್ರದಲ್ಲಿ ಚಿಕಿತ್ಸೆ, ಆಪ್ತಸಮಾಲೋಚನೆ, ತಾತ್ಕಾಲಿಕ ಆಶ್ರಯ, ಕಾನೂನು ನೆರವು ಒಂದೇ ಕಡೆ ಸಿಗುತ್ತವೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಅಡಿ ತಾಲ್ಲೂಕಿನ ಸಿಡಿಪಿಒ ಅವರೇ ಸಂರಕ್ಷಣಾಧಿಕಾರಿ. ಆದಾಯ ಎಷ್ಟೇ ಇದ್ದರೂ ಮಹಿಳೆಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಅದಕ್ಕೆ 15100ಕ್ಕೆ ಕರೆ ಮಾಡಬಹುದು.

ಜಮಾಅತ್‌ನ ಹಿರಿಯರು ವಾರಕ್ಕೆರಡು ಸಂಜೆ ಒಂದು ಸಭಾಂಗಣದ ಬೀಗ ತೆಗೆಸಲಿ. ತೋಟದ ಮಾಲೀಕರು ಖಾಲಿ ಕಣ ಬಿಟ್ಟುಕೊಡಲಿ. ಮನೆಯ ಗಂಡಸರು ಆ ಹೊತ್ತು ಮಕ್ಕಳನ್ನು ನೋಡಿಕೊಳ್ಳಲಿ. ಒಂದು ಚೆಂಡು, ಒಂದು ಬಲೆ ಕೊಳ್ಳುವುದು ಯಾವ ಮಹಲ್ಲಾಕ್ಕೂ ಭಾರವಲ್ಲ.