ಬೇಸಿಗೆಯ ಬಾಯಾರಿಕೆಗೆ ಹಣ್ಣು–ಮೂಲಿಕೆಗಳ ತಂಪು ಚಹಾ

ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು ಎಂಬುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ಬಿಸಿಲಲ್ಲಿ ನಡೆದು ಬಂದವರ ಮುಂದೆ ತಂಬಿಗೆಯ ನೀರಿನೊಂದಿಗೆ ಬೆಲ್ಲದ ಒಂದು ತುಣುಕನ್ನೂ ಇಡುತ್ತಿದ್ದರು. ಜಾತ್ರೆಗೆ ಹೋಗುವ ದಾರಿಗಳಲ್ಲಿ ಅರವಟ್ಟಿಗೆಗಳನ್ನು ಹಾಕಿ, ದಣಿದವರಿಗೆ ನೀರು, ಮಜ್ಜಿಗೆ, ಪಾನಕಗಳನ್ನು ಕೊಡುವುದು ಪುಣ್ಯದ ಕೆಲಸವೆಂದು ಭಾವಿಸಿದ್ದರು. ಇಂದು ಆ ತಂಬಿಗೆಯ ಜಾಗದಲ್ಲಿ ಬಣ್ಣದ ಬಾಟಲಿ ಬಂದು ನಿಂತಿದೆ. ಉಪಚರಿಸುವ ಮನಸ್ಸು ಹಿಂದಿನಂತೆಯೇ ಇದೆ. ಉಪಚಾರದ ವಸ್ತು ಮಾತ್ರ ಬದಲಾಗಿದೆ.

ಕಳೆದ ಬೇಸಿಗೆಯಲ್ಲಿ ನಾವು ಭಕ್ತರೊಬ್ಬರ ಮನೆಗೆ ಹೋಗಿದ್ದಾಗ ಆ ಮನೆಯ ಅಜ್ಜಿಯವರು ತಮ್ಮ ಸಕ್ಕರೆ ಕಾಯಿಲೆಯ ವಿಚಾರ ತೆಗೆದು, "ಚಹಾದಾಗ ಸಕ್ಕರಿ ಬಿಟ್ಟು ಆರು ವರ್ಷ ಆತ್ರಿ" ಎಂದರು. ಅಷ್ಟರಲ್ಲಿ ಮೊಮ್ಮಗ ಎಲ್ಲರಿಗೂ ಮಾವಿನ ಹಣ್ಣಿನ ಬಾಟಲಿ ಪಾನೀಯವನ್ನು ಲೋಟಗಳಲ್ಲಿ ತಂದಿಟ್ಟ. ಅಜ್ಜಿಯವರೂ ಒಂದು ಲೋಟ ಕೈಗೆತ್ತಿಕೊಂಡರು. ನಾವು ಸಂಕೋಚದಿಂದಲೇ ಕೇಳಿದಾಗ, "ಇದು ಹಣ್ಣಿನ ರಸ ಅಲ್ಲೇನ್ರಿ, ಇದಕ್ಕೇನಾಗ್ತದ?" ಎಂದು ನಕ್ಕರು. ಬಾಟಲಿಯ ಹಿಂದಿನ ಸಣ್ಣಕ್ಷರಗಳನ್ನು ಓದಿ ನೋಡಿದೆವು. 100 ಮಿಲಿಲೀಟರಿಗೆ 13 ಗ್ರಾಂ ಸಕ್ಕರೆ ಎಂದಿತ್ತು. ಎಂದರೆ 200 ಮಿಲಿಲೀಟರಿನ ಲೋಟದಲ್ಲಿ 26 ಗ್ರಾಂ, ಚಹಾದ ಚಮಚದಲ್ಲಿ ಅಳೆದರೆ ಆರೂವರೆ ಚಮಚ. ಆರು ವರ್ಷ ಸಂಯಮದಿಂದ ಬಿಟ್ಟ ಸಕ್ಕರೆ ಒಂದೇ ಲೋಟದಲ್ಲಿ ಹಣ್ಣಿನ ವೇಷ ತೊಟ್ಟು ಮರಳಿ ಬಂದಿತ್ತು.

ಅಂದಿನಿಂದ ನಮ್ಮನ್ನು ಕಾಡಿದ ಪ್ರಶ್ನೆ ಒಂದೇ. ಬಂದವರಿಗೆ ತಂಪಾದ, ಹಣ್ಣಿನ ಸವಿಯುಳ್ಳ, ಕಣ್ಣಿಗೂ ಹಿತವಾದ ಪಾನೀಯವನ್ನು ಸಕ್ಕರೆಯ ಹೊರೆಯಿಲ್ಲದೆ ಮನೆಯಲ್ಲಿಯೇ ಮಾಡಿ ಕೊಡಲಾಗದೇ? ಖಂಡಿತ ಆಗುತ್ತದೆ. ಅದಕ್ಕೆ ಬೇಕಾದ ಬಹುತೇಕ ಪದಾರ್ಥಗಳು ನಮ್ಮ ಅಡುಗೆಮನೆಯಲ್ಲಿ, ಹಿತ್ತಲಿನಲ್ಲಿ, ಊರಿನ ಗ್ರಂಧಿಗೆ ಅಂಗಡಿಯಲ್ಲಿಯೇ ಇವೆ.

ಹೆಸರು ಹೊಸದು, ಕ್ರಮ ಹಳೆಯದು

ನಿಜವಾದ ಚಹಾ ಎಂಬುದು ಒಂದೇ ಗಿಡದ ಎಲೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಕ್ಯಾಮೆಲಿಯಾ ಸೈನೆನ್ಸಿಸ್ ಎಂದು ಹೆಸರು. ಆ ಎಲೆಯಿಲ್ಲದೆ ತುಳಸಿ, ಶುಂಠಿ, ಹೂವು, ಬೇರುಗಳಿಂದ ಮಾಡುವುದನ್ನು 'ಮೂಲಿಕೆ ಚಹಾ' ಎಂದು ಕರೆಯುವುದು ಬರಿಯ ರೂಢಿಯ ಮಾತು. ನಮ್ಮ ಭಾಷೆಯಲ್ಲಿ ಅದು ಕಷಾಯ. ಚಹಾವನ್ನು ಮಂಜುಗಡ್ಡೆಯೊಂದಿಗೆ ಕುಡಿಯುವ ಅಭ್ಯಾಸ ಅಮೆರಿಕದಲ್ಲಿ ಬೆಳೆಯಿತು. 1879ರಲ್ಲಿ ವರ್ಜೀನಿಯಾದ ಅಡುಗೆ ಪುಸ್ತಕವೊಂದರಲ್ಲಿಯೇ ಅದರ ವಿಧಾನ ಅಚ್ಚಾಗಿತ್ತು. 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದ ಬಳಿಕ ಅದು ಇನ್ನಷ್ಟು ಜನಪ್ರಿಯವಾಯಿತು.

ಮೂಲಿಕೆಯ ಸಾರವನ್ನು ನೀರಿಗಿಳಿಸಿ ತಂಪಾಗಿ ಕುಡಿಯುವ ಕ್ರಮವು ನಮ್ಮ ನಾಡಿನಲ್ಲಿ ಅದಕ್ಕಿಂತಲೂ ಬಹಳ ಹಿಂದಿನದು. ಆಯುರ್ವೇದವು ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂದು ಐದು ಬಗೆಯ ಕಷಾಯಗಳನ್ನು ಹೇಳುತ್ತದೆ. ಬಿಸಿನೀರಿನಲ್ಲಿ ಮೂಲಿಕೆಯನ್ನು ಕೆಲಹೊತ್ತು ನೆನೆಸಿ ಸೋಸಿದರೆ ಅದು ಫಾಂಟ; ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಸೋಸಿದರೆ ಅದು ಹಿಮ. ಜ್ವರದ ಬಾಯಾರಿಕೆಗೆ ಹೇಳಿರುವ ಷಡಂಗ ಪಾನೀಯದಲ್ಲಿ ಲಾವಂಚ, ಶ್ರೀಗಂಧ, ಒಣಶುಂಠಿ ಮೊದಲಾದ ಆರು ದ್ರವ್ಯಗಳ ನೀರನ್ನು ತಣಿಸಿ ಕುಡಿಸುತ್ತಿದ್ದರು. ಔಷಧಿಯಾಗಿ ಕೊಡುವಾಗ ಹಿಮಕ್ಕೆ ಒಂದು ಪಾಲು ದ್ರವ್ಯಕ್ಕೆ ಆರು ಪಾಲು ನೀರು ಎಂಬ ಗಾಢವಾದ ಪ್ರಮಾಣವಿದೆ. ನಾವು ಇಲ್ಲಿ ಹೇಳುತ್ತಿರುವುದು ಔಷಧಿಯನ್ನಲ್ಲ, ಬಾಯಾರಿಕೆಯ ಪಾನೀಯವನ್ನು. ಆದ್ದರಿಂದ ಇದು ಬಹಳ ತೆಳುವಾಗಿರಬೇಕು.

ಮಾಡುವ ಸಾಮಾನ್ಯ ಕ್ರಮ

ಒಂದು ಲೀಟರ್ ಪಾನೀಯವೆಂದರೆ 200 ಮಿಲಿಲೀಟರಿನ ಐದು ಲೋಟ. ಮುಕ್ಕಾಲು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ ಕೆಳಗಿಳಿಸಿ, ತೊಳೆದು ಜಜ್ಜಿದ ಎಲೆ ಅಥವಾ ಹೂವನ್ನು ಹಾಕಿ ಕೂಡಲೇ ಮುಚ್ಚಬೇಕು. ಮೂಲಿಕೆಯ ಸುವಾಸನೆಯು ಆವಿಯೊಂದಿಗೆ ಹಾರಿಹೋಗುವುದರಿಂದ ಮುಚ್ಚಳ ಅಗತ್ಯ. ಹತ್ತು ನಿಮಿಷಗಳ ಬಳಿಕ ಸೋಸಿ, ಉಳಿದ ಕಾಲು ಲೀಟರಿನಷ್ಟು ಕುದಿಸಿ ಆರಿಸಿದ ತಣ್ಣೀರನ್ನಾಗಲಿ, ಶುದ್ಧ ನೀರಿನ ಮಂಜುಗಡ್ಡೆಯನ್ನಾಗಲಿ ಸೇರಿಸಬೇಕು. ಮೊದಲು ತುಸು ಗಾಢವಾಗಿ ಮಾಡಿಕೊಂಡರೆ ಮಂಜುಗಡ್ಡೆ ಕರಗಿದ ಮೇಲೂ ರುಚಿ ಸಪ್ಪೆಯಾಗದು.

ನಿಂಬೆರಸ ಮತ್ತು ಹಣ್ಣನ್ನು ಕಷಾಯ ಪೂರ್ಣ ಆರಿದ ಮೇಲೆಯೇ ಹಾಕಬೇಕು. ಬಿಸಿಯಲ್ಲಿ ಹಾಕಿದರೆ ಸಿ ಜೀವಸತ್ವವೂ ಹಣ್ಣಿನ ಪರಿಮಳವೂ ಕುಂದುತ್ತವೆ. ಹುಳಿಯಿರುವ ಪಾನೀಯವನ್ನು ತಾಮ್ರ, ಅಲ್ಯೂಮಿನಿಯಂ ಅಥವಾ ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಇಡಬಾರದು. ಸ್ಟೀಲ್, ಗಾಜು ಅಥವಾ ಮಣ್ಣಿನ ಪಾತ್ರೆ ಯೋಗ್ಯ.

ನಾಲ್ಕು ಪಾನೀಯಗಳು

ಕೆಂಪು ಪುಂಡಿ ಮತ್ತು ದಾಳಿಂಬೆ: ರೊಟ್ಟಿಯೊಂದಿಗೆ ಪುಂಡಿಪಲ್ಯವನ್ನು ಉಣ್ಣುವ ನಮಗೆ ಪುಂಡಿ ಹೊಸತಲ್ಲ. ಅದರ ಕೆಂಪು ತಳಿಯಲ್ಲಿ ಹೂವು ಉದುರಿದ ಮೇಲೆ ಕಾಯಿಯನ್ನು ಅಪ್ಪಿಕೊಂಡು ನಿಲ್ಲುವ ದಪ್ಪನೆಯ ಕೆಂಪು ಹೊದಿಕೆಯನ್ನು ಬಿಡಿಸಿ ಒಣಗಿಸಿದರೆ ಸೊಗಸಾದ ಹುಳಿಚಹಾ ಸಿದ್ಧವಾಗುತ್ತದೆ. ಸುಡಾನ್ ಮತ್ತು ಈಜಿಪ್ಟಿನಲ್ಲಿ ಇದನ್ನೇ 'ಕರ್ಕಡೆ' ಎಂದು ಬಿಸಿಯಾಗಿಯೂ ತಂಪಾಗಿಯೂ ಕುಡಿಯುತ್ತಾರೆ. ಒಂದು ಲೀಟರಿಗೆ 10 ಗ್ರಾಂ ಒಣ ಹೊದಿಕೆ ಸಾಕು. ಆರಿದ ಮೇಲೆ ಒಂದು ದಾಳಿಂಬೆಯ ಕಾಳುಗಳನ್ನು ಅರ್ಧ ಜಜ್ಜಿ, ಅರ್ಧ ಹಾಗೆಯೇ ಹಾಕಿದರೆ ಮಾಣಿಕ್ಯದ ಬಣ್ಣ ಬರುತ್ತದೆ. ಮನೆಯಂಗಳದ ಕೆಂಪು ದಾಸವಾಳದ ಎಸಳುಗಳನ್ನೂ ಹೀಗೆಯೇ ಬಳಸಬಹುದು. ಆದರೆ ಕೀಟನಾಶಕ ಸಿಂಪಡಿಸಿದ ಹೂವು, ಪೂಜೆಗೆಂದು ಸಂತೆಯಿಂದ ತಂದ ಹೂವು ಬೇಡ.

ಮಜ್ಜಿಗೆ ಹುಲ್ಲು, ಶುಂಠಿ ಮತ್ತು ನಿಂಬೆ: ಮಜ್ಜಿಗೆ ಹುಲ್ಲಿನ ನಾಲ್ಕೈದು ಎಲೆಗಳನ್ನು ಕತ್ತರಿಸಿ, 10 ಗ್ರಾಂ ಹಸಿಶುಂಠಿಯನ್ನು ಜಜ್ಜಿ ಬಿಸಿನೀರಿಗೆ ಹಾಕಬೇಕು. ಆರಿದ ಬಳಿಕ ಒಂದು ನಿಂಬೆಯ ರಸ, ಕಿತ್ತಳೆಯ ಅಥವಾ ಅನಾನಸಿನ ಕೆಲವು ತುಂಡು, ನಾಲ್ಕು ಪುದೀನ ಎಲೆ ಸೇರಿಸಬೇಕು. ಇಂಡಿ ಸೀಮೆಯ ನಿಂಬೆ ಸಿಗುವ ನಮ್ಮ ವಿಜಯಪುರದ ಕಡೆಯವರಿಗೆ ಇದು ಅತಿ ಸುಲಭ. ಮಕ್ಕಳಿಗೆ ಇಷ್ಟವಾಗಬೇಕೆಂದರೆ ಇದೇ ಪಾನೀಯಕ್ಕೆ ನೀಲಿ ಶಂಖಪುಷ್ಪದ ಐದಾರು ಹೂಗಳನ್ನು ಹಾಕಿ. ನಿಂಬೆರಸ ಬೀಳುತ್ತಿದ್ದಂತೆ ನೀಲಿ ನೇರಳೆಯಾಗುವುದನ್ನು ಅವರು ಬೆರಗಿನಿಂದ ನೋಡುತ್ತಾರೆ.

ಲಾವಂಚ, ಸೊಗದೆ ಬೇರು ಮತ್ತು ಒಣದ್ರಾಕ್ಷಿ: ಇದು ಹಿಮದ ಕ್ರಮದ್ದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಣ್ಣು ಹೋಗುವಂತೆ ಮೂರು ಬಾರಿ ತೊಳೆದ ಲಾವಂಚದ ಸಣ್ಣ ಹಿಡಿ, ಜಜ್ಜಿದ ಸೊಗದೆ ಬೇರಿನ ಎರಡು ತುಂಡು, ಹದಿನೈದು ಕಪ್ಪು ಒಣದ್ರಾಕ್ಷಿ ಹಾಕಿ ರಾತ್ರಿ ಫ್ರಿಜ್ಜಿನಲ್ಲಿಡಬೇಕು. ಬೆಳಿಗ್ಗೆ ಸೋಸಿದರೆ ಮಣ್ಣಿಗೆ ಮೊದಲ ಮಳೆ ಬಿದ್ದಂಥ ಕಂಪು. ದ್ರಾಕ್ಷಿ ತನ್ನ ಸಿಹಿಯನ್ನು ತುಸು ಬಿಟ್ಟಿರುವುದರಿಂದ ಬೇರೆ ಸಿಹಿ ಬೇಕಿಲ್ಲ. ಬೇರನ್ನು ಗ್ರಂಧಿಗೆ ಅಂಗಡಿಯಿಂದಲೇ ಕೊಳ್ಳಬೇಕು. ಚಾಪೆ, ಪರದೆಗಳಿಗೆಂದು ಮಾರುವ ಲಾವಂಚ ಕುಡಿಯಲು ತಕ್ಕುದಲ್ಲ.

ಮುರುಗಲು ಮತ್ತು ಜೀರಿಗೆ: ಮಲೆನಾಡಿನ ಮುರುಗಲು, ಕರಾವಳಿಯ ಪುನರ್ಪುಳಿ ಎರಡೂ ಒಂದೇ. ಒಣಸಿಪ್ಪೆಯ ಎಂಟು ಹತ್ತು ಹೋಳುಗಳನ್ನು ಒಂದು ಲೀಟರ್ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ ಸೋಸಿ, ಹುರಿದ ಜೀರಿಗೆಪುಡಿಯನ್ನು ಚಿಟಿಕೆಯಷ್ಟು ಹಾಕಬೇಕು. ಕೆಲವೆಡೆ ಸಿಪ್ಪೆಯನ್ನು ಉಪ್ಪು ಹಾಕಿ ಒಣಗಿಸಿರುತ್ತಾರೆ. ರಕ್ತದೊತ್ತಡವುಳ್ಳವರು ಉಪ್ಪಿಲ್ಲದ್ದನ್ನು ಕೇಳಿ ಪಡೆಯಬೇಕು.

ಸಿಹಿಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯು 2015ರ ತನ್ನ ಮಾರ್ಗಸೂಚಿಯಲ್ಲಿ, ಸೇರಿಸಿದ ಸಕ್ಕರೆಯು ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳಿತು ಎಂದು ಹೇಳಿದೆ. ಶೇ. 5 ಎಂದರೆ ವಯಸ್ಕರಿಗೆ ಸುಮಾರು 25 ಗ್ರಾಂ, ಆರು ಚಮಚ. ಆ ಅಜ್ಜಿಯವರ ಒಂದು ಲೋಟವೇ ಈ ಮಿತಿಯನ್ನು ದಾಟಿತ್ತು. ಜೇನು ಮತ್ತು ಸೋಸಿದ ಹಣ್ಣಿನ ರಸದ ಸಕ್ಕರೆಯನ್ನೂ ಸಂಸ್ಥೆಯು ಇದೇ ಲೆಕ್ಕಕ್ಕೆ ಸೇರಿಸುತ್ತದೆ. ಆದ್ದರಿಂದಲೇ ನಾವು ಮೇಲಿನ ಪಾನೀಯಗಳಲ್ಲಿ ರಸಕ್ಕಿಂತ ಹಣ್ಣಿನ ತುಂಡುಗಳನ್ನು ಹೇಳಿದ್ದೇವೆ. ಕುಡಿದ ಮೇಲೆ ತುಂಡುಗಳನ್ನು ತಿಂದರೆ ನಾರಿನಂಶವೂ ದೊರೆಯುತ್ತದೆ.

ಸಿಹಿ ಬೇಕೇ ಬೇಕೆನಿಸಿದರೆ ಲೀಟರಿಗೆ 20 ಗ್ರಾಂ ಬೆಲ್ಲ ಹಾಕಬಹುದು. ಲೋಟಕ್ಕೆ 4 ಗ್ರಾಂ, ಒಂದೇ ಚಮಚ ಆಗುತ್ತದೆ. ಬೆಲ್ಲವಾದರೆ ಸಕ್ಕರೆ ಕಾಯಿಲೆಯವರಿಗೂ ನಡೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಸರಿಯಲ್ಲ. ಬೆಲ್ಲದ ಬಹುಪಾಲು ಸಕ್ಕರೆಯೇ. ಮಧುಮೇಹಿಗಳಿಗೆ ಎರಡೂ ಒಂದೇ. ತಣ್ಣನೆಯ ಪದಾರ್ಥದಲ್ಲಿ ನಾಲಿಗೆಗೆ ಸಿಹಿ ಕಡಿಮೆ ತಿಳಿಯುವುದರಿಂದ ನಾವು ಅರಿವಿಲ್ಲದೆ ಹೆಚ್ಚು ಹಾಕುತ್ತೇವೆ. ಏಲಕ್ಕಿ, ಸೋಂಪು, ಪುದೀನಗಳ ಪರಿಮಳ ಸೇರಿಸಿ ಸಿಹಿಯನ್ನು ವಾರ ವಾರಕ್ಕೆ ಇಳಿಸುತ್ತ ಬಂದರೆ ನಾಲಿಗೆ ತಾನೇ ಹೊಂದಿಕೊಳ್ಳುತ್ತದೆ.

ಶುಚಿತ್ವವೇ ಮುಖ್ಯ

ತಂಪು ಪಾನೀಯದಿಂದ ಬೇಸಿಗೆಯಲ್ಲಿ ಹೊಟ್ಟೆ ಕೆಡುವುದಕ್ಕೆ ಬಹುಸಲ ಕಾರಣ ತಂಪಲ್ಲ, ಅಶುದ್ಧ ನೀರು ಮತ್ತು ಮಂಜುಗಡ್ಡೆ. ಕುದಿಸಿ ಆರಿಸಿದ ನೀರಿನಿಂದ ಮನೆಯಲ್ಲಿಯೇ ಮಂಜುಗಡ್ಡೆ ಮಾಡಿಕೊಳ್ಳಬೇಕು. ಪದಾರ್ಥಗಳನ್ನು ತಂಪಾಗಿಡಲೆಂದು ಮಾರುವ ದೊಡ್ಡ ಗಡ್ಡೆಗಳು ಕುಡಿಯುವುದಕ್ಕಾಗಿ ಮಾಡಿದವಲ್ಲ. ಮೂಲಿಕೆ ಹಾಕಿದ ನೀರನ್ನು ಬಿಸಿಲಿನಲ್ಲಿಟ್ಟು ಚಹಾ ಇಳಿಸುವ ವಿಧಾನವೂ ಒಳ್ಳೆಯದಲ್ಲ. ಆ ಬೆಚ್ಚಗಿನ ಶಾಖದಲ್ಲಿ ಸೂಕ್ಷ್ಮಾಣುಗಳು ಸಾಯುವ ಬದಲು ಬೆಳೆಯುತ್ತವೆ. ಮಾಡಿದ ಪಾನೀಯವನ್ನು ಎರಡು ಗಂಟೆಗಳೊಳಗೆ ಫ್ರಿಜ್ಜಿಗೆ ಸೇರಿಸಿ, ಒಂದು ದಿನದೊಳಗೆ ಮುಗಿಸಬೇಕು. ಫ್ರಿಜ್ ಇಲ್ಲದವರು ಸ್ವಲ್ಪವೇ ಮಾಡಿ, ಹರವಿಯ ನೀರಿನಲ್ಲಿ ಮುಚ್ಚಿದ ಪಾತ್ರೆಯನ್ನಿಟ್ಟು ತಣಿಸಿ, ಆಗಿಂದಾಗಲೇ ಕುಡಿಯಲಿ.

ಯಾರು ಎಚ್ಚರದಿಂದಿರಬೇಕು?

ಮೂಲಿಕೆಯೆಂದ ಮಾತ್ರಕ್ಕೆ ಎಲ್ಲರಿಗೂ ಎಲ್ಲವೂ ಹಿತವಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದೊತ್ತಡ ತುಸು ಹೆಚ್ಚಿದ್ದ 65 ವಯಸ್ಕರು ಭಾಗವಹಿಸಿದ್ದರು. ಅವರಲ್ಲಿ ಕೆಂಪು ಪುಂಡಿಯ ಚಹಾವನ್ನು ದಿನಕ್ಕೆ ಮೂರು ಬಾರಿಯಂತೆ ಆರು ವಾರ ಕುಡಿದವರ ಮೇಲಿನ ರಕ್ತದೊತ್ತಡ ಸರಾಸರಿ 7 ಅಂಕಗಳಷ್ಟು ಇಳಿಯಿತು. ಇದನ್ನು ಓದಿ ಯಾರೂ ಗುಳಿಗೆ ಬಿಡಬಾರದು. ಈಗಾಗಲೇ ಗುಳಿಗೆ ತೆಗೆದುಕೊಳ್ಳುತ್ತಿರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಇದನ್ನು ರೂಢಿಸಿಕೊಳ್ಳಬೇಕು. ಸಿಹಿಗೆಂದು ಜ್ಯೇಷ್ಠಮಧುವನ್ನು ನಿತ್ಯ ಹಾಕಿದರೆ ರಕ್ತದೊತ್ತಡ ಏರಬಹುದು. ಮೂತ್ರಪಿಂಡದ ತೊಂದರೆಯಿರುವವರು ನೀರು ಮತ್ತು ಹಣ್ಣಿನ ಪ್ರಮಾಣವನ್ನು ವೈದ್ಯರ ಮಾತಿನಂತೆ ನಡೆಸಬೇಕು. ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ಎಳ್ಳಷ್ಟೂ ಕೊಡಬಾರದು.

ಬಿಸಿಲಾಘಾತಕ್ಕೆ ಈ ಪಾನೀಯಗಳು ಮದ್ದಲ್ಲ. ಬಿಸಿಲಲ್ಲಿ ಕುಸಿದವರ ಮೈ ಸುಡುತ್ತಿದ್ದು, ಮಾತು ತೊದಲುತ್ತಿದ್ದರೆ ನೆರಳಿಗೆ ತಂದು, ಮೈಗೆ ನೀರು ಚಿಮುಕಿಸಿ ಗಾಳಿ ಬೀಸುತ್ತ ಕೂಡಲೇ 108ಕ್ಕೆ ಕರೆಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಅರವಟ್ಟಿಗೆಗೂ ಆಗಲಿ

ಈ ವರ್ಷ ಜಾತ್ರೆಗಳಲ್ಲಿ ಅರವಟ್ಟಿಗೆ ನಡೆಸುವ ಭಕ್ತರಲ್ಲಿ ನಮ್ಮದೊಂದು ಅರಿಕೆ. ನೂರು ಮಂದಿಗೆ ಒಂದೊಂದು ಲೋಟ ಕೊಡಲು 20 ಲೀಟರ್ ಪಾನೀಯ ಬೇಕು. ಅದಕ್ಕೆ 200 ಗ್ರಾಂ ಶುಂಠಿ, ಇಪ್ಪತ್ತು ನಿಂಬೆಹಣ್ಣು, ಮಜ್ಜಿಗೆ ಹುಲ್ಲಿನ ಒಂದು ದೊಡ್ಡ ಕಟ್ಟು, 400 ಗ್ರಾಂ ಬೆಲ್ಲ ಸಾಕು. ಅಷ್ಟೇ ಮಂದಿಗೆ ನಾವು ಅಂದು ನೋಡಿದಂಥ ಬಾಟಲಿ ಪಾನೀಯ ಹಂಚಿದರೆ 2 ಕಿಲೋ 600 ಗ್ರಾಂ ಸಕ್ಕರೆಯನ್ನು ಹಂಚಿದಂತಾಗುತ್ತದೆ. ಜೊತೆಗೆ ಖಾಲಿ ಬಾಟಲಿಗಳ ರಾಶಿ ಬೇರೆ. ಪಕ್ಕದಲ್ಲಿ ಬೆಲ್ಲವಿಲ್ಲದ ಒಂದು ಪಾತ್ರೆಯನ್ನೂ ಇಟ್ಟರೆ ಸಕ್ಕರೆ ಕಾಯಿಲೆಯವರು ಸಂಕೋಚವಿಲ್ಲದೆ ಬಂದು ಕುಡಿದಾರು.

ಆ ಅಜ್ಜಿಯವರ ಮನೆಗೆ ನಾವು ಮತ್ತೆ ಹೋದಾಗ ಮೊಮ್ಮಗನೇ ಪುಂಡಿ ಹೂವಿನ ತಂಪು ಚಹಾ ಮಾಡಿ ತಂದಿಟ್ಟ. ಅಜ್ಜಿಯವರು ಒಂದು ಗುಟುಕು ಕುಡಿದು, "ಹುಳಿ ಐತಿ, ಆದ್ರ ಛಲೋ ಐತ್ರಿ" ಎಂದರು. ಅವನು ಬೆಲ್ಲ ಹಾಕಿರಲಿಲ್ಲ. ಅತಿಥಿಗೂ ಮನೆಯವರಿಗೂ ಒಂದೇ ಪಾತ್ರೆಯಿಂದ ನಿಶ್ಚಿಂತೆಯಾಗಿ ಬಡಿಸಬಹುದಾದ ಇಂಥ ಪಾನೀಯವು ಈ ಬೇಸಿಗೆಯಲ್ಲಿ ನಿಮ್ಮ ಮನೆಗಳಲ್ಲಿಯೂ ಸಿದ್ಧವಾಗಲೆಂದು ಹಾರೈಸುತ್ತೇವೆ.